ಹಾಡಿನೊಳಗಿನ ತಂಬೂರಿ

ಕೀಲಿ ಒಡೆದು ನೆಲಕ್ಕೆ ಬಿದ್ದಿತ್ತು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು.

ಬಾಳವ್ವ ಗೋಡೆ ಹಿಡಿದು ಒಳಗೆ ಹೋದಳು. ಕಣ್ಣಿಗೆ ಪೊರೆ ಬಂದಿತ್ತು. ಆದರೆ ಆ ಮೂಲೆಗೆ ಹೋಗಲು ಅವಳಿಗೆ ಕಣ್ಣು ಬೇಕಿರಲಿಲ್ಲ. ಕೈ ಚಾಚಿದಳು. ಸಿಕ್ಕಿದ್ದು ಬರೀ ಗೋಡೆ.

"ಮಾಲಿಂಗಾ!" ಎಂದು ಕೂಗಿದಳು. "ನನ್ನ ತಂಬೂರಿ ಇಲ್ಲೋ!"

ಮಿರಜದ ಅರಿಶಿಣ ವ್ಯಾಪಾರಿ ಮಹಾಲಿಂಗಪ್ಪನ ಮನೆ ಅದು. ಬಾಳವ್ವ ಅವನ ತಾಯಿ. ಒಂದು ಕಾಲಕ್ಕೆ ಚೆನ್ನಾಗಿ ಹಾಡುತ್ತಿದ್ದವಳು. ತಂಬೂರಿ ಅವಳ ಗುರು ಕೊಟ್ಟದ್ದು. ಗಂಡ ತೀರಿದ ಮೇಲೆ ಹಾಡು ಬಿಟ್ಟಳು, ತಂಬೂರಿ ಬಿಡಲಿಲ್ಲ. ಗವಸು ಸಹ ತೆಗೆಯದೆ, ಸೋಮವಾರಕ್ಕೊಮ್ಮೆ ಅದರ ಮೇಲೇ ವಿಭೂತಿ ಹಚ್ಚಿ ಹೂವು ಏರಿಸುತ್ತಿದ್ದಳು. ದೀಪಾವಳಿ ಮುಗಿದ ಮೇಲಿನ ಸೋಮವಾರವೂ ಏರಿಸಿದ್ದಳು. ಮರುದಿನ ಬೆಳಗಾಗುವಷ್ಟರಲ್ಲಿ ತಂಬೂರಿ ಮಾಯ.

ಪೊಲೀಸ್ ಠಾಣೆಯಿಂದ ಫೌಜದಾರ ಗುರಲಿಂಗ ಐನಾಪುರೆ ಬಂದ. ಜತ್ತ ಕಡೆಯವನು, ಮನೆಮಾತು ಕನ್ನಡ. ಬಿದ್ದ ಕೀಲಿಯನ್ನು ಎತ್ತಿ ಬೆಳಕಿಗೆ ಹಿಡಿದ. ಬಾಗಿಲ ಚಿಲಕ ನೋಡಿದ. ಚಿಲಕದ ಮೇಲೆ ಒಂದು ಗೀರೂ ಇರಲಿಲ್ಲ.

"ಕೀಲಿಕೈ ಯಾರ ಕಡೆ ಇರತದ್ರಿ?"

"ನನ್ನ ಸೊಂಟದಾಗ," ಬಾಳವ್ವ ಹೇಳಿದಳು. "ಕಸಾ ಹೊಡಿಯಾಕ ಸೋನಾಬಾಯಿಗೆ ಕೊಡ್ತೀನಿ. ಮತ್ತ ಇಸ್ಕೊಳ್ತೀನಿ."

"ಕೀಲಿ ತೆರೆದ ಮ್ಯಾಲೆ ಒಡದಾರ, ಅವ್ವಾರ. ಹೊರಗಿನ ಕಳ್ಳ ಅಂತ ನಾವು ತಿಳೀಲಿ ಅಂತ."

ಮಹಾಲಿಂಗಪ್ಪನ ತಮ್ಮ ಕಾಡಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಒಳ್ಳೆಯ ಬಟ್ಟೆ, ಒಳ್ಳೆಯ ಮಾತು. "ಆ ಸೋನಾಬಾಯಿ ಮನಿ ಹಿಂದ ಒಮ್ಮೆ ನೋಡಿ ಬಿಡ್ರಿ ಸಾಹೇಬ್ರ," ಎಂದ. "ನಮಗೂ ಸಮಾಧಾನ."

ನೋಡಿದರು. ಸೋನಾಬಾಯಿಯ ಗುಡಿಸಲ ಹಿಂದೆ, ಕುಳ್ಳಿನ ರಾಶಿಯ ಅಡಿಯಲ್ಲಿ ತಂಬೂರಿಯ ಗವಸು ಸಿಕ್ಕಿತು. ಕೆಂಪು ಬಟ್ಟೆ, ಮೇಲೆ ವಿಭೂತಿ.

ಸೋನಾಬಾಯಿ ಅಥಣಿ ಕಡೆಯಿಂದ ಕೂಲಿಗೆಂದು ಬಂದು ಮಿರಜದಲ್ಲಿ ನಿಂತವಳು. ಗಂಡ ಹಮಾಲ. ಅವಳು ನಾಕು ಮನೆಯ ಕಸ ಮುಸುರೆ ಮಾಡುತ್ತಿದ್ದಳು. ಗವಸು ನೋಡಿ ತಲೆ ಅಲ್ಲಾಡಿಸಿದಳು.

"ನಾ ಇಟ್ಟಿಲ್ರಿ. ನನಗ ಗೊತ್ತs ಇಲ್ಲ."

ಹಾಡುಹಗಲೇ ಓಣಿಯ ತುಂಬ ಜನ ನಿಂತು ನೋಡುವಾಗ ಅವಳನ್ನು ಕರೆದೊಯ್ದರು. ಜಾಮೀನು ಸಿಕ್ಕಿತು. ತಂಬೂರಿ ಸಿಗಲಿಲ್ಲ. ನಾಕೂ ಮನೆಯವರು "ನಾಳಿಂದ ಬ್ಯಾಡ" ಎಂದರು.

* * *

ಸಂಕ್ರಾಂತಿ ಬಂತು. ಕೇಬಲ್ ಟಿ.ವಿ. ಆಗಿನ್ನೂ ಹೊಸತು. ಸಾಂಗಲಿ-ಮಿರಜದ ಕೇಬಲಿನವರು ಸಂಜೆ ಜನ ಕೇಳಿದ ಹಾಡು ಹಾಕುತ್ತಿದ್ದರು. ಫೋನು ಮಾಡಿ ಹೆಸರು ಹೇಳಿದರೆ ಸಾಕು.

ಆ ವರ್ಷ ಎಲ್ಲರೂ ಕೇಳುತ್ತಿದ್ದುದು ಒಂದೇ ಹಾಡು. ಇಲ್ಲಿಯವರೇ ಮಾಡಿದ ಕನ್ನಡ ಹಾಡು. ಹರಿಪುರದಲ್ಲಿ, ಕೃಷ್ಣೆಗೆ ವಾರಣೆ ಕೂಡುವಲ್ಲಿ ಚಿತ್ರೀಕರಿಸಿದ್ದು. ಹುಡುಗಿಯೊಬ್ಬಳು ಘಾಟಿನ ಮೆಟ್ಟಿಲ ಮೇಲೆ ಕೂತು ತಂಬೂರಿ ಮೀಟುತ್ತ, ಹೊಳೆ ದಾಟಿ ಬರುವವನ ದಾರಿ ಕಾಯುತ್ತಾಳೆ. ಅಷ್ಟೇ. ಆದರೆ ಎಷ್ಟು ಸಲ ನೋಡಿದರೂ ಸಾಕೆನಿಸುತ್ತಿರಲಿಲ್ಲ.

ಗುರಲಿಂಗನಿಗೂ ಆ ಹುಚ್ಚಿತ್ತು. ಮೆಚ್ಚಿದ ಹಾಡುಗಳನ್ನೆಲ್ಲ ಒಂದೇ ವಿಡಿಯೋ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದ. ಬಿಡುವಾದಾಗಲೆಲ್ಲ ಹಾಕಿ ನೋಡುತ್ತಿದ್ದ. ಠಾಣೆಯವರು ಬೆನ್ನ ಹಿಂದೆ ಅವನನ್ನು 'ಹಾಡಿನ ಫೌಜದಾರ' ಎನ್ನುತ್ತಿದ್ದರು.

ಒಂದು ಬೆಳಗ್ಗೆ ಮಹಾಲಿಂಗಪ್ಪನ ಹೆಂಡತಿ ಸುನಂದಾಬಾಯಿ ಠಾಣೆಗೆ ಬಂದಳು. ಕುಂದ್ರಿ ಎಂದರೂ ಕೂರಲಿಲ್ಲ.

"ಸಾಹೇಬ್ರ, ನಮ್ಮ ಅತ್ತಿ ತಂಬೂರಿ ಟಿ.ವಿ.ಯೊಳಗ ಐತ್ರಿ."

"ಯಾವ ಹಾಡಿನಾಗ?"

ಅವಳು ಹೇಳಿದಳು.

"ಅದನ್ನ ನಾನೂ ಭಾಳ ಸಲ ನೋಡೇನ್ರಿ."

"ನೀವು ಹಾಡು ನೋಡೀರಿ. ನಾ ತಂಬೂರಿ ನೋಡೀನಿ. ಕೊರಳ ಮ್ಯಾಲೆ ಹಸ್ತಿದಂತದ ನವಿಲು ಐತಿ. ಅದರ ಕೊಕ್ಕು ಮುರದೈತಿ. ಮುರದಾಂವ ನನ್ನ ಮಗಾನs, ಸಣ್ಣಾಂವ ಇದ್ದಾಗ."

ಗುರಲಿಂಗ ಟೊಪ್ಪಿಗೆ ಎತ್ತಿಕೊಂಡ.

* * *

ಹಾಡು ಮಾಡಿದವನು ಬಸಲಿಂಗಪ್ಪ. ಕುಪವಾಡದ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ಒಂದು ತಗಡಿನ ಶೆಡ್ಡು ಹಿಡಿದು ಸ್ಟುಡಿಯೋ ಮಾಡಿಕೊಂಡಿದ್ದ. ಪಕ್ಕದ ಕಾರ್ಖಾನೆಯ ಸುತ್ತಿಗೆ ಸದ್ದು ನಿಂತಾಗ ಮಾತ್ರ ಮಾತು ಕೇಳುತ್ತಿತ್ತು.

"ತಂಬೂರಿ ಎಲ್ಲಿಂದ ತಂದಿ?"

"ಬಾಡಿಗಿಗ್ರಿ. ಒಬ್ಬಾಕಿ ಹೆಣಮಗಳು ತಂದು ಕೊಟ್ಲು."

"ಯಾರಾಕಿ?"

"ಹೆಸರು ಗೊತ್ತಿಲ್ಲ, ಮುಖಾನೂ ನೆನಪಿಲ್ಲ. ಮನಿಗೆಲಸದಾಕಿ ಇದ್ದಂಗ ಇದ್ಲು. ಶೂಟಿಂಗ್ ಮುಗದ ಮ್ಯಾಲೆ ವಾಪಸ್ ಒಯ್ದ್ಲು."

"ಶೂಟಿಂಗ್ ಯಾವಾಗ?"

"ದೀಪಾವಳಿ ಆದ ಮ್ಯಾಲೆ."

ಕೇಳಿದ ಮಾತಿಗೆಲ್ಲ ಉತ್ತರ ತಯಾರಿತ್ತು. ಆದರೆ ಹೇಳುವಾಗ ಬಸಲಿಂಗಪ್ಪ ಗುರಲಿಂಗನ ಮುಖ ನೋಡಲಿಲ್ಲ, ಅವನ ಬೂಟು ನೋಡುತ್ತಿದ್ದ.

ಹೊರಗೆ ಬಂದಾಗ ಹವಾಲ್ದಾರ ಶಿದ್ರಾಮ ಕೈ ಕೊಡವಿದ. "ಆತಲ್ರಿ ಸಾಹೇಬ್ರ. ಸೋನಾಬಾಯಿನs. ಇನ್ನೇನು ಉಳೀತು?"

"ಹುಡುಗಿ ಕೈಗೆ ಎಷ್ಟು ಬಳಿ ಇದ್ದವು ಅಂತ ಕೇಳಿದ್ರ ಹೇಳ್ತಾನ," ಗುರಲಿಂಗ ಅಂದ. "ತಂಬೂರಿ ತಂದಾಕಿ ಮುಖ ಮಾತ್ರ ನೆನಪಿಲ್ಲ ಅಂತಾನ. ಕ್ಯಾಮೆರಾ ಹಿಡಿಯಾಂವ ಅವ."

ಆದರೂ ಸೋನಾಬಾಯಿಯ ಗುಡಿಸಲಿಗೆ ಹೋದ. ಅವಳು ಬಾಗಿಲಲ್ಲೇ ನಿಂತಳು.

"ಹರಿಪುರಕ್ಕ ಹೋಗಿದ್ದೇನು?"

"ಇಲ್ರಿ."

"ವಿಡಿಯೋದಾಂವಗ ತಂಬೂರಿ ಕೊಟ್ಟಿದ್ದೇನು?"

"ಇಲ್ರಿ." ಸ್ವಲ್ಪ ತಡೆದು ಅಂದಳು, "ಹೂಂ ಅಂದ್ರ ಬಿಡ್ತೀರೇನು? ಹಂಗಿದ್ರ ಹೂಂ ಅಂತೀನಿ. ದಿನಾ ದಿನಾ ಬರಬ್ಯಾಡ್ರಿ. ನನ್ನ ಮಗಳನ್ನ ನೋಡಾಕ ಬರಾವ್ರು ತಿರುಗಿ ಹೋಗ್ಯಾರ."

ಗುರಲಿಂಗ ಜೀಪಿನ ಕಡೆ ತಿರುಗಿದ.

* * *

ರವಿವಾರ ಮಧ್ಯಾಹ್ನ ಕ್ಯಾಸೆಟ್ ಹಾಕಿದ.

"ಮತ್ತ ಅದs ಹಾಡು?" ಹೆಂಡತಿ ಕೃಷ್ಣವ್ವ ಅಕ್ಕಿ ಆರಿಸುತ್ತ ಕೂತಿದ್ದಳು.

"ಇವತ್ತು ಹಾಡು ಕೇಳೂದಿಲ್ಲ." ದನಿ ಪೂರ್ತಿ ಇಳಿಸಿದ.

ಸದ್ದಿಲ್ಲದ ಹಾಡು ಬೇರೆಯೇ ಆಗಿತ್ತು. ಹುಡುಗಿಯ ಮುಖ ಬಿಟ್ಟ. ಬೆರಳು ಬಿಟ್ಟ. ತಂಬೂರಿಯನ್ನೂ ಬಿಟ್ಟ. ಅವಳ ಹಿಂದೆ ಇದ್ದದ್ದನ್ನು ನೋಡತೊಡಗಿದ. ಕಂದು ಬಣ್ಣದ ಹೊಳೆ, ಮರ, ಮೆಟ್ಟಿಲು. ಘಾಟಿಗೆ ಇಳಿಯುವ ದಾರಿಯಲ್ಲಿ ಒಂದು ಉದ್ದ ಗೋಡೆ. ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ದೊಡ್ಡದೊಂದು ಕಪಬಶಿ, ಚಹಾದ ಕಪ್ಪು ತಟ್ಟೆಯ ಚಿತ್ರ.

ಚಿತ್ರ ನಿಲ್ಲಿಸಿದ.

"ಏನಾತ್ರಿ?"

"ಇದು ಸಹಕಾರಿ ಸಕ್ಕರಿ ಕಾರ್ಖಾನಿ ಎಲೆಕ್ಷನ್ನಿನ ಗುರುತು ಬರದ ಗೋಡೆ. ಶ್ರಾವಣದಾಗ ಎರಡೂ ಪ್ಯಾನೆಲ್ಲಿನವ್ರು ಇದರ ಮುಂದs ಬಡದಾಡಿದ್ರು. ನನ್ನ ತೋಳಿಗೆ ಕಲ್ಲು ಬಿತ್ತಲ್ಲ, ಅವತ್ತು."

"ಎಣ್ಣಿ ಹಚ್ಚಿದಾಕಿ ನಾನs."

"ಮರುದಿನ ನಾನs ನಿಂತು ಗೋಡೆಗೆ ಸುಣ್ಣಾ ಹೊಡಿಸೇನಿ. ಕಪಬಶಿ ಅಳಿಸಿ ಹೋತು. ದೀಪಾವಳಿ ಆದ ಮ್ಯಾಲೆ ಹಾಡು ತೆಗದಿದ್ರ ಇಲ್ಲಿ ಬರೀ ಬಿಳಿ ಗೋಡೆ ಇರಬೇಕಿತ್ತು."

ಕೃಷ್ಣವ್ವ ಮೊರ ಕೆಳಗಿಟ್ಟಳು. "ಅಂದ್ರ ಶ್ರಾವಣದಾಗs ತಂಬೂರಿ ಹೊರಗ ಬಂದೈತಿ. ಮತ್ತ ಆ ಅಜ್ಜಿ ದೀಪಾವಳಿ ತನಕಾ ಪೂಜಾ ಮಾಡಿದ್ದು ಯಾವುದಕ್ಕ?"

ಗುರಲಿಂಗ ಹೆಂಡತಿಯ ಮುಖ ನೋಡಿದ. ಅವನೂ ಅದನ್ನೇ ಯೋಚಿಸುತ್ತಿದ್ದ.

* * *

ಮರುದಿನ ಅವನು ಬಾಳವ್ವನ ಎದುರು ಕೂತ.

"ಅವ್ವಾರ, ಕಳವು ಆದ ಆ ವಾರ ತಂಬೂರಿದು ಏನರ ಮಾಡಬೇಕಂತ ಇದ್ದಿರೇನು?"

"ಮೊಮ್ಮಗಳು ಹಾಡು ಕಲೀತೀನಿ ಅಂದ್ಲು. ಹೊಸ ತಂತಿ ಹಾಕಿಸಿ ಕೊಡಬೇಕಂತ ತಂಬೂರಿ ಮಾಡೋ ಕಾರಿಗರನ್ನ ಬುಧವಾರ ಬಾ ಅಂದಿದ್ದೆ. ಮಂಗಳವಾರ ಕಳದೋತು."

"ಯಾರ‍್ಯಾರಿಗೆ ಗೊತ್ತಿತ್ತು?"

"ಮನಿ ಮಂದಿಗೆ. ಊಟಕ್ಕ ಕೂತಾಗ ಹೇಳಿದ್ದೆ."

"ಸೋನಾಬಾಯಿಗೆ?"

"ಆಕಿಗ್ಯಾಕ ಹೇಳ್ಲಿ?"

ಆಗ ಶಿದ್ರಾಮ ಒಳಗೆ ಬಂದ. ಹಿಂದೆಯೇ ಅಣ್ಣ ತಮ್ಮಂದಿರಿಬ್ಬರೂ ಬಂದರು. ಕೈಯಲ್ಲಿ ಹಳದಿ ಗವಸಿನೊಳಗೆ ಒಂದು ತಂಬೂರಿ. ಗುರಲಿಂಗ ಎಲ್ಲರಿಗೂ ಕೇಳುವಂತೆ ಹೇಳಿದ, "ಸಲಗರೆ ಊರಾಗ ಸಿಕ್ತು. ಜಪ್ತಿ ಮಾಡಿದ ಮುದ್ದೇಮಾಲು. ಕೋರ್ಟಿನ ಅಪ್ಪಣೆ ಇಲ್ದ ಗವಸು ತೆಗಿಯಾಂಗಿಲ್ಲ."

ಬಾಳವ್ವ ಎರಡೂ ಕೈ ಜೋಡಿಸಿ ಅಳತೊಡಗಿದಳು. ಗುರಲಿಂಗನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅದು ಗೆಳೆಯನಿಂದ ಎರವಲು ತಂದ ತಂಬೂರಿ.

ಮಹಾಲಿಂಗಪ್ಪ, "ಶಿವನs ಕೊಡಿಸಿದಾ," ಎಂದು ತಾಯಿಯ ಪಕ್ಕ ಕೂತ.

ಕಾಡಪ್ಪ ಗವಸನ್ನೇ ದಿಟ್ಟಿಸುತ್ತಿದ್ದ. "ಒಂದs ಸಿಕ್ತೇನ್ರಿ?" ಎಂದ.

ಗುರಲಿಂಗ ಕೇಳಿಸದವನಂತೆ ಚಹಾ ಕುಡಿದ. ಬಶಿ ಕೆಳಗಿಡುವಷ್ಟರಲ್ಲಿ ಹೊರಗೆ ಕಾಡಪ್ಪನ ಬುಲೆಟ್ ಗಾಡಿ ಶುರುವಾದ ಸದ್ದು ಕೇಳಿತು.

* * *

ಹರಿಪುರದಲ್ಲಿ ವ್ಯಾಪಾರಿಗಳು ಅರಿಶಿಣವನ್ನು ನೆಲದೊಳಗಿನ ಹಗೇವುಗಳಲ್ಲಿ ಇಡುತ್ತಾರೆ. ಅಲ್ಲಿ ಅದಕ್ಕೆ ಪೇವು ಎನ್ನುತ್ತಾರೆ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮುಗಿಯಿತು.

ಬುಲೆಟ್ಟಿನ ಬೆನ್ನು ಹತ್ತಿ ಬಂದ ಜೀಪನ್ನು ದೂರ ನಿಲ್ಲಿಸಿ ಗುರಲಿಂಗ ಮತ್ತು ಶಿದ್ರಾಮ ನಡೆದು ಹೋದರು. ಮಹಾಲಿಂಗಪ್ಪನ ಪೇವಿನ ಬಾಯಿ ತೆರೆದಿತ್ತು. ಪಕ್ಕದಲ್ಲಿ ಬುಲೆಟ್. ಬೇವಿನ ಮರಕ್ಕೆ ಕಟ್ಟಿದ ಹಗ್ಗ ಒಳಗೆ ಇಳಿದಿತ್ತು. ಕಾಡಪ್ಪ ಕಾಣಲಿಲ್ಲ.

"ಸಾವಕಾರ್ರ!" ಶಿದ್ರಾಮ ಕೂಗಿದ.

ಉತ್ತರವಿಲ್ಲ.

ಗುರಲಿಂಗ ಹಗ್ಗದ ಕಡೆ ಓಡಿದ. ಬಹಳ ದಿನ ಮುಚ್ಚಿದ ಪೇವಿಗೆ ತೆರೆದ ಕೂಡಲೇ ಇಳಿಯಬಾರದು. ಒಳಗಿನ ಗಾಳಿ ಉಸಿರು ಕಟ್ಟಿಸುತ್ತದೆ. ಅರಿಶಿಣದ ಮನೆಯ ಮಗನಿಗೆ ಅದು ಗೊತ್ತಿಲ್ಲದ್ದಲ್ಲ. ಗಾಬರಿ ಮರೆಸಿತ್ತು.

"ಜಗ್ಗೋ!" ಎಂದು ಕೂಗಿದ.

ಪುಣ್ಯಕ್ಕೆ ಹಗ್ಗದ ತುದಿ ಕಾಡಪ್ಪನ ಸೊಂಟದಲ್ಲಿತ್ತು. ಹತ್ತಿರದ ಹಮಾಲರು ಓಡಿ ಬಂದರು. ಎಲ್ಲರೂ ಕೂಡಿ ಜಗ್ಗಿದರು. ಮಣ್ಣು ಮೆತ್ತಿದ, ನೀಲಿಗಟ್ಟಿದ ಮುಖ ಮೇಲೆ ಬಂತು. ಮುಖಕ್ಕೆ ನೀರು ಹೊಡೆದರು, ಎದೆ ತಿಕ್ಕಿದರು. ಎಷ್ಟೋ ಹೊತ್ತಿಗೆ ಕೆಮ್ಮಿದ.

ಪೇವಿಗೆ ಗಾಳಿಯಾಡಲು ಬಿಟ್ಟು, ಆಮೇಲೆ ಶಿದ್ರಾಮ ಇಳಿದ. ಗೋಣಿಚೀಲದಡಿ ಎರಡು ತಂಬೂರಿಗಳಿದ್ದವು. ಒಂದು ಅಂಗಡಿಯಿಂದ ತಂದ ಸಾದಾ ತಂಬೂರಿ. ಇನ್ನೊಂದರ ಕೊರಳಿಗೆ ಕೊಕ್ಕು ಮುರಿದ ನವಿಲು. ಅದರ ಬುರುಡೆ ನಡುವೆ ಸೀಳಿತ್ತು.

* * *

ಸಂಜೆ ಕಾಡಪ್ಪನನ್ನು ಮನೆಗೆ ಕರೆತಂದರು. ಮನೆಯವರೆಲ್ಲ ಕೂತಿದ್ದರು. ಗುರಲಿಂಗ ಮೊದಲು ಬಾಳವ್ವನಿಗೆ ಕೈ ಮುಗಿದ.

"ಬೆಳಿಗ್ಗೆ ಸುಳ್ಳು ಹೇಳಿದ್ದೆ ಅವ್ವಾರ. ನಿಮ್ಮ ತಂಬೂರಿ ಕಳವಾಗೇ ಇಲ್ಲ. ಶ್ರಾವಣದಾಗ ನೀವು ಮಲಗಿದ್ದಾಗ ಈ ಕಾಡಪ್ಪನವ್ರು ಕೀಲಿಕೈ ತಗೊಂಡು, ತಾವು ರೊಕ್ಕಾ ಹಾಕಿದ ಹಾಡಿಗೆ ಅಂತ ಅದನ್ನ ಹರಿಪುರಕ್ಕ ಒಯ್ದಾರ. ಅಲ್ಲಿ ಒಡೀತು. ಅಂಗಡಿಯಿಂದ ಒಂದು ತಂದು, ನಿಮ್ಮ ಗವಸು ಹಾಕಿ ಇಟ್ರು. ನೀವು ಗವಸು ತೆಗಿಯೂದಿಲ್ಲ ಅಂತ ಗೊತ್ತಿತ್ತು. ಆದ್ರ ಕಾರಿಗರ ಬಂದ್ರ ತೆಗೀತಾನ. ಅದಕ್ಕs ಮಂಗಳವಾರ ಕಳವು ಆತು."

"ಗವಸು?" ಸುನಂದಾಬಾಯಿ ಕೇಳಿದಳು.

"ಸೋನಾಬಾಯಿ ಮನಿ *ಹಿಂದ* ನೋಡ್ರಿ ಅಂದಾವ್ರು ಇವ್ರs. ಒಳಗ ನೋಡ್ರಿ ಅನ್ನಲಿಲ್ಲ. ಇಟ್ಟಾವ್ರಿಗೆ ಮಾತ್ರ ಜಾಗಾ ಗೊತ್ತಿರತದ. ಹಾಡು ಶ್ರಾವಣದ್ದು ಅಂತ ಗೋಡೆ ಹೇಳ್ತು. ಇವತ್ತು 'ಒಂದs ಸಿಕ್ತೇನು' ಅಂತ ಕೇಳಿದ್ರು. ಕಳದದ್ದು ಒಂದು ಅಂತ ತಿಳದಾವ್ರು ಹಂಗ ಕೇಳೂದಿಲ್ಲ. ಬಸಲಿಂಗಪ್ಪ ಈಗ ಎಲ್ಲಾ ಬಾಯಿ ಬಿಟ್ಟಾನ. ಸುಳ್ಳು ಹೇಳಿದ್ರ ಮುಂದಿನ ಹಾಡಿಗೂ ಇವ್ರs ಖರ್ಚು ಹಾಕ್ತೀನಿ ಅಂದಿದ್ರಂತ."

ಕಾಡಪ್ಪ ತಲೆ ಎತ್ತಲಿಲ್ಲ. "ನವಿಲು ಕಾಣೂ ಸೀನ್ ತೆಗದು ಹಾಕು ಅಂದಿದ್ದೆ. ಭಾಳ ಚಂದ ಬಂದೈತಿ ಅಂತ ಅಂವಾ ಇಟ್ಟುಬಿಟ್ಟಾ."

"ಮತ್ತ ಒಡದದ್ದನ್ನ ಸುಡಲಿಲ್ಲ ಯಾಕ?" ಮಹಾಲಿಂಗಪ್ಪ ಗದರಿದ.

"ಅವ್ವನ ತಂಬೂರಿ. ಕೈ ಬರಲಿಲ್ಲಣ್ಣ."

ಬಾಳವ್ವ ದನಿ ಬಂದ ಕಡೆ ಮುಖ ತಿರುಗಿಸಿದಳು.

"ಕಟಗಿ ಸುಡಾಕ ಕೈ ಬರಲಿಲ್ಲ ನಿನಗ. ಹೆಣಮಗಳನ್ನ ಜೈಲಿಗೆ ಹಾಕಾಕ ಹ್ಯಾಂಗ ಬಂತೋ?"

ಗುರಲಿಂಗ ಶಿದ್ರಾಮನಿಗೆ ಸನ್ನೆ ಮಾಡಿದ. ಸುಳ್ಳು ಫಿರ್ಯಾದಿ, ಸುಳ್ಳು ಸಾಕ್ಷಿ. ಕಾಡಪ್ಪನ ಜೊತೆ ಬಸಲಿಂಗಪ್ಪನ ಮೇಲೂ ಕೇಸು ಬಿತ್ತು.

* * *

ಕಾಡಪ್ಪನನ್ನು ಜಾಮೀನಿನ ಮೇಲೆ ಬಿಟ್ಟ ದಿನವೇ ಬಾಳವ್ವ ಅವನನ್ನು ಕರೆದುಕೊಂಡು ಸೋನಾಬಾಯಿಯ ಗುಡಿಸಲಿಗೆ ಹೋದಳು. ಸುನಂದಾಬಾಯಿ ಅತ್ತೆಯ ಕೈ ಹಿಡಿದಿದ್ದಳು. ಗುರಲಿಂಗನೂ ಹೋಗಿದ್ದ. ಅವನಿಗೂ ಹೇಳುವ ಮಾತಿತ್ತು.

ಕಾಡಪ್ಪ ಬಾಗಿಲಲ್ಲಿ ನಿಂತು, "ತಪ್ಪಾತು," ಎಂದ.

"ಇಲ್ಲಿ ಬ್ಯಾಡ್ರಿ," ಸೋನಾಬಾಯಿ ಅಂದಳು. "ನನ್ನ ಒಯ್ಯುಮುಂದ ಓಣಿ ತುಂಬಾ ಮಂದಿ ಇತ್ತು. ಅಲ್ಲಿ ಹೇಳ್ರಿ."

ಅಲ್ಲಿಯೇ ಹೇಳಿದ. ಕಟ್ಟೆಯ ಮೇಲೆ, ಬಾಗಿಲುಗಳಲ್ಲಿ, ಮಾಳಿಗೆಯ ಮೇಲೆ ಜನ ನಿಂತಿದ್ದರು. ಮೊದಲ ಸಲ ಹೇಳಿದ್ದು ಯಾರಿಗೂ ಕೇಳಲಿಲ್ಲ. ಬಾಳವ್ವ, "ಜೋರಾಗಿ," ಎಂದಳು. ಅವನು ಜೋರಾಗಿ ಹೇಳಿದ. ಅವನ ನಂತರ ಗುರಲಿಂಗ ಟೊಪ್ಪಿಗೆ ತೆಗೆದು, "ಗವಸು ನೋಡಿ ನಾನೂ ನಂಬಿದೆ. ನನ್ನದೂ ತಪ್ಪು," ಎಂದ.

ಸೋನಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಆತು," ಎಂದಳು.

"ನಾಳಿಂದ ಕೆಲಸಕ್ಕ ಬಾ," ಸುನಂದಾಬಾಯಿ ಕರೆದಳು.

"ಇಲ್ರಿ ವೈನಿ. ಬ್ಯಾರೆ ಮನಿ ಕೆಲಸಾ ಹಿಡೀತೀನಿ. ಈಗ ಯಾರೂ ಬ್ಯಾಡ ಅನ್ನೂದಿಲ್ಲ."