ಈರುಳ್ಳಿ ಪಾತಿಯ ಪಕ್ಕ

"ಕಳ್ಳ! ಏಯ್, ಅಲ್ಲೇ ನಿಲ್ಲೋ!"

ಗಿಡಕ್ಕೆ ನೀರು ಬಿಡುತ್ತಿದ್ದ ಪೈಪನ್ನು ಹಿಡಿದುಕೊಂಡೇ ಹಲ್ಲಿನ ಡಾಕ್ಟರಮ್ಮ ಹಿತ್ತಲ ಗೇಟಿನತ್ತ ನುಗ್ಗಿದಳು. ಗೇಟಿನಾಚೆ, ಅವಳು ಬೆಳಿಗ್ಗೆಯಷ್ಟೇ ಕಿತ್ತು ಬಿಸಾಡಿದ್ದ ಕಳೆಯ ಗುಡ್ಡೆಯ ಮುಂದೆ, ಬುಟ್ಟಿ ಇಟ್ಟುಕೊಂಡು ಒಬ್ಬ ಕುಕ್ಕರಗಾಲಲ್ಲಿ ಕೂತಿದ್ದ.

"ಏನ್ ಕದ್ದೆ?"

"ನೀವು ಬಿಸಾಡಿದ್ದು."

"ಅದು ಕಸ!"

"ಕಸ ಅಂತ ನೀವಂದ್ರಿ," ಎಂದ ಅವನು, ತಲೆ ಎತ್ತದೆ. "ದೊಡ್ಡ ಹೋಟೆಲಿನಲ್ಲಿ ಇದನ್ನೇ ಬಿಳಿ ತಟ್ಟೇಲಿಟ್ಟು ಕೊಡ್ತಾರೆ. ನೀವೇ ಹೋಗಿ ತಿಂದು, ಆಹಾ ಅಂತೀರ."

ಮೈಯೆಲ್ಲ ಉರಿದುಹೋಯಿತು ಅವಳಿಗೆ! ಕಸ ಆಯುವವನಿಗೆ ಇಷ್ಟು ಬಾಯಿಯೇ?

ಅವಳಿಗೆ ಮನುಷ್ಯರೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ದಿನವಿಡೀ ಹುಳುಕು ಹಲ್ಲು ನೋಡಿ ನೋಡಿ, ಊರಿನವರೆಲ್ಲ ಬಾಯಿ ತೊಳೆಯದ ಸೋಮಾರಿಗಳು ಎಂದು ತೀರ್ಮಾನಿಸಿದ್ದಳು. ಹಿತ್ತಲಿನ ತೋಟ ಮಾತ್ರ ಅವಳ ಮಾತು ಕೇಳುತ್ತಿತ್ತು. ದಾರ ಕಟ್ಟಿ ಎಳೆದ ಸಾಲುಗಳು, ಗೇಣು ಅಳೆದು ಊರಿದ ಬೀಜಗಳು. ಪಕ್ಕದ ಮನೆಯವರ ತೋಟ ಕಂಡರೆ ಮೂಗು ಮುರಿಯುತ್ತಿದ್ದಳು. ಪಕ್ಕದ ಮನೆಯವರೂ ಅವಳನ್ನು ಕಂಡರೆ ಅದನ್ನೇ ಮಾಡುತ್ತಿದ್ದರು ಅನ್ನಿ.

ಆ ಬೀದಿಯಲ್ಲಿ ಎಲ್ಲರೂ ಅವನನ್ನು 'ಸೊಪ್ಪಿನವನು' ಎನ್ನುತ್ತಿದ್ದರು. ಊರಂಚಿನ ಕಾಡಿನಲ್ಲಿ ಚಿಗುರು, ಅಣಬೆ, ಕಾಡು ಬೆಳ್ಳುಳ್ಳಿಯ ಎಲೆ ಆಯ್ದು ಹೋಟೆಲಿಗೂ ವಾರದ ಸಂತೆಗೂ ಕೊಡುವುದು ಅವನ ಕಸುಬು.

ಅವಳ ಜೊತೆ ಇದ್ದದ್ದು ಅತ್ತೆ, ಅಪ್ಪನ ಅಕ್ಕ. ಅತ್ತೆಗೆ ಮಾತ್ರ ಅವನು ಮೊದಲ ದಿನವೇ ಹಿಡಿಸಿಬಿಟ್ಟ. ದಿನಾ ಬೆಳಿಗ್ಗೆ ಹಿತ್ತಲ ಗೇಟಿಗೆ ಒಂದು ಕಟ್ಟು ಸೊಪ್ಪು ಸಿಕ್ಕಿಸಿ ಹೋಗುವುದು ರೂಢಿಯಾಯಿತು.

"ಬೇಯಿಸೋಕೆ ಮುಂಚೆ ಒಂದೊಂದು ಎಲೆ ಹಸಿಯಾಗೇ ಫ್ರಿಜ್ಜಿನಲ್ಲಿ ಎತ್ತಿಡಿ ಅತ್ತೆ," ಎಂದು ಹೇಳಿಕೊಟ್ಟಿದ್ದ. "ಜೊತೆಗೊಂದು ಚೀಟಿ, ಎಲ್ಲಿಂದ ಬಂದಿದ್ದು ಅಂತ. ಕಾಡಿಂದು ತಿನ್ನೋರು ಯಾವಾಗಲೂ ಹಾಗೇ ಮಾಡೋದು. ಹೆಚ್ಚುಕಡಿಮೆ ಆದ್ರೆ ಡಾಕ್ಟ್ರಿಗೆ ತೋರಿಸಬಹುದು."

"ಆಹಾ, ವಿಜ್ಞಾನಿ!" ಎಂದಳು ಒಳಗಿನಿಂದ ಡಾಕ್ಟರಮ್ಮ... ಅವನಿಗೆ ಕೇಳಲಿ ಎಂದೇ.

ವಸಂತದ ಒಂದು ಭಾನುವಾರ ಅತ್ತೆ ಹಟ ಹಿಡಿದರು. "ಅವನ ಜೊತೆ ಕಾಡಿಗೆ ಹೋಗಿ ಬಾರೇ. ಹೂಂ ಅಂತ ಊದಿಸಿಕೊಂಡಿರೋ ಆ ಮುಖಕ್ಕೂ ಸ್ವಲ್ಪ ಗಾಳಿ ತಾಗ್ಲಿ!"

ಹೋದಳು. ದಾರಿಯುದ್ದಕ್ಕೂ ಗೊಣಗಿದಳು. ಶೂ ಕೆಸರಾಯಿತು, ಮುಳ್ಳು ಚುಚ್ಚಿತು, ಸೊಳ್ಳೆ ಕಚ್ಚಿತು. ಎಲ್ಲ ಅವನದೇ ತಪ್ಪು!

ಅವನು ಮಾತ್ರ ಒಂದೊಂದು ಗಿಡದಿಂದ ಒಂದೊಂದೇ ಎಲೆ ಕತ್ತರಿಸುತ್ತಿದ್ದ. "ಎಲ್ಲಾ ಕಿತ್ಕೊಂಡ್ರೆ ಮುಂದಿನ ವರ್ಷ ಏನ್ ಮಾಡೋದು?" ಎನ್ನುತ್ತಾ ಒಂದು ಎಲೆಯನ್ನು ಅವಳ ಅಂಗೈಗಿಟ್ಟು, ಹೆಬ್ಬೆರಳಿನಿಂದ ಉಜ್ಜಿದ. "ಮೂಸಿ ನೋಡಿ."

ಘಮ್ಮೆಂದು ಬೆಳ್ಳುಳ್ಳಿಯ ವಾಸನೆ. ಅವಳಿಗೆ ನೆನಪುಳಿದದ್ದು ಆ ಹೆಬ್ಬೆರಳು.

'ಛೀ! ಸೊಪ್ಪು ಕೀಳೋನ ಮೇಲೆ... ನನಗಾ?' ಅಂದು ಸಂಜೆಯವರೆಗೂ ತನ್ನನ್ನು ತಾನೇ ಬೈದುಕೊಂಡಳು. ಎಷ್ಟು ಬೈದರೂ ಎದೆ ಢವಢವ ಎನ್ನುವುದು ನಿಲ್ಲಲಿಲ್ಲ.

ಕಾಡಿನಿಂದ ವಾಪಸು ಬಂದು ಅವಳನ್ನು ಬಿಡುವಾಗ ಅವನ ಕಣ್ಣು ಈರುಳ್ಳಿ ಪಾತಿಯ ಪಕ್ಕಕ್ಕೆ ಬಿತ್ತು. ಅಲ್ಲಿ ಅವಳು ಹೊಸದಾಗಿ ಹಳದಿ ಹೂವಿನ ಗೆಡ್ಡೆ ನೆಟ್ಟಿದ್ದಳು. ಹೂ ಇನ್ನೂ ಬಂದಿರಲಿಲ್ಲ, ಬರೀ ಉದ್ದುದ್ದ ಎಲೆ.

"ಡಾಕ್ಟ್ರೇ, ಈ ಗೆಡ್ಡೆ ವಿಷ. ಈರುಳ್ಳಿ ಪಕ್ಕ ಇರಬಾರದು. ಎಲೆ ನೋಡಿದ್ರೆ ಯಾರಾದ್ರೂ ಮೋಸ ಹೋಗ್ತಾರೆ. ಒಂದು ಬೋರ್ಡಾದ್ರೂ ಹಾಕಿ."

"ಬೋರ್ಡು ಹಾಕೋದು ದಡ್ಡರ ತೋಟದಲ್ಲಿ!" ಎಂದಳು ಅವಳು, ಗದ್ದ ಎತ್ತಿ. "ನಮ್ಮನೇಲಿ ಎಲ್ಲರಿಗೂ ಬುದ್ಧಿ ಇದೆ."

ಅವನು ಸುಮ್ಮನೆ ನಕ್ಕ. ಆ ನಗುವಿಗೆ ಉತ್ತರ ಹುಡುಕುತ್ತಾ ಅವಳು ಅಂದು ಊಟವನ್ನೇ ಮರೆತಳು.

ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಕ್ಲಿನಿಕ್ಕಿಗೆ ಪಕ್ಕದ ಮನೆಯವರಿಂದ ಫೋನ್ ಬಂತು. ಸೊಪ್ಪು ಹಾಕಿದ ಆಮ್ಲೆಟ್ ತಿಂದ ಅರ್ಧ ಗಂಟೆಗೆ ಅತ್ತೆ ವಾಂತಿ ಮಾಡಿ ಮಾಡಿ ಅಡುಗೆಮನೆಯಲ್ಲೇ ಕುಸಿದಿದ್ದರು! ಆಸ್ಪತ್ರೆಯ ಡಾಕ್ಟರು, "ಯಾವುದೋ ವಿಷದ ಎಲೆ ಹೊಟ್ಟೆ ಸೇರಿದೆ. ಜೀವಕ್ಕೇನೂ ಭಯವಿಲ್ಲ, ಎರಡು ದಿನ ಇಲ್ಲೇ ಇರಲಿ," ಎಂದರು.

ಎಲೆ!

ಅವಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅತ್ತೆಯ ಬಟ್ಟೆ ತರಲು ಮನೆಗೆ ಬಂದಾಗ ಬೀದಿಯಲ್ಲೇ ಅವನು ಎದುರಾದ. ಸುದ್ದಿ ತಿಳಿದು ಓಡಿ ಬಂದಿದ್ದ.

"ಅತ್ತೆ ಹೇಗಿದ್ದಾರೆ?"

"ಸತ್ತರಾ ಅಂತ ನೋಡೋಕೆ ಬಂದ್ಯಾ? ಕಾಡುಕಸ ತಿನ್ನಿಸಿ ಕೊಲ್ಲೋಕೆ ಹೊರಟಿದ್ದೆಯಲ್ಲೋ! ಹುಲ್ಲಿಗೂ ಸೊಪ್ಪಿಗೂ ವ್ಯತ್ಯಾಸ ಗೊತ್ತಿಲ್ಲದ ನೀನು ಊರಿಗೆಲ್ಲ ವಿಷ ಹಂಚ್ತಿದ್ದೀಯ!"

ಬೀದಿಯ ಕಿಟಕಿಗಳೆಲ್ಲ ತೆರೆದವು. ಆ ಜನಕ್ಕೆ ಬೇಕಾದದ್ದೂ ಇಂಥದ್ದೇ. ನಿನ್ನೆಯವರೆಗೂ ಅವನಿಂದ ಅಣಬೆ ಕೊಂಡು ಬಾಯಿ ಚಪ್ಪರಿಸಿದವರು, "ನಮಗೆ ಮೊದಲೇ ಅನುಮಾನ ಇತ್ತು," ಎಂದು ತಲೆಯಾಡಿಸಿದರು.

"ಫ್ರಿಜ್ಜಿನಲ್ಲಿ ಎಲೆ ಎತ್ತಿಟ್ಟಿರ್ತಾರೆ," ಎಂದ ಅವನು ಮೆಲ್ಲಗೆ. "ಅದನ್ನ ತಗೊಂಡು ಹೋಗಿ ಡಾಕ್ಟ್ರಿಗೆ..."

"ನಿನ್ನ ಮುಖ ತೋರಿಸಬೇಡ!"

ಅವನು ಹೋದ. ವಾರದೊಳಗೆ ಹೋಟೆಲಿನವರು ಅವನ ಸೊಪ್ಪು ಬೇಡವೆಂದರು. ಹಿತ್ತಲ ಗೇಟು ಬರಿದಾಗಿ ನಿಂತಿತು.

ಅತ್ತೆ ಮನೆಗೆ ಬಂದ ಮೇಲೂ ಬಹಳ ಸುಸ್ತಾಗಿದ್ದರು. ಅವನ ಹೆಸರೆತ್ತಿದರೆ ಅವಳು ಕಿಡಿಕಿಡಿಯಾಗುತ್ತಿದ್ದಳು. ಹಾಗಾಗಿ ಅವರೂ ಸುಮ್ಮನಾದರು.

ಸಂತೆಯ ದಿನ ಬೆಳಿಗ್ಗೆ ಹಾಲು ತೆಗೆಯಲು ಫ್ರಿಜ್ಜಿಗೆ ಕೈ ಹಾಕಿದಾಗ ಹಿಂದುಗಡೆ ಒಂದು ಗಾಜಿನ ಡಬ್ಬಿ ಸಿಕ್ಕಿತು. ಒಳಗೆ ಎರಡು ಬಾಡಿದ ಎಲೆ, ಎರಡು ಚೀಟಿ. ಅತ್ತೆಯ ಸೊಟ್ಟ ಅಕ್ಷರ.

'ಅವನು ತಂದದ್ದು.'

'ಸಾಲದೆ ನಮ್ಮ ಹಿತ್ತಲಿಂದ ಕೊಯ್ದದ್ದು.'

ಮೊದಲ ಎಲೆ ಉಜ್ಜಿದಳು. ಬಾಡಿದ್ದರೂ ಬೆಳ್ಳುಳ್ಳಿಯ ವಾಸನೆ. ಎರಡನೆಯದನ್ನು ಉಜ್ಜಿದಳು... ಮೂಸಿದಳು... ಮತ್ತೆ ಮೂಸಿದಳು. ಬರೀ ಹುಲ್ಲಿನ ವಾಸನೆ.

ಹಿತ್ತಲಿಗೆ ಓಡಿದಳು. ಈರುಳ್ಳಿ ಪಾತಿಯ ಪಕ್ಕ ಹಳದಿ ಮೊಗ್ಗುಗಳು ಬಾಯಿ ಬಿಡುತ್ತಿದ್ದವು. ಒಂದು ಬುಡದಲ್ಲಿ ಕತ್ತರಿ ಹಾಕಿದ ಐದಾರು ಎಲೆಯ ತುಂಡುಗಳು.

ಅವಳ ಗೆಡ್ಡೆ. ಅವಳ ಸಾಲು. ಅವನು ಹೇಳಿದ್ದ, ಅವಳು ತಳ್ಳಿಹಾಕಿದ್ದಳು!

"ತಪ್ಪು ನಂದೇ ಕಣೇ," ಎಂದರು ಅತ್ತೆ, ಬಾಗಿಲಿಗೊರಗಿ. "ಕಣ್ಣು ಸರಿಯಾಗಿ ಕಾಣಲ್ಲ. ಎರಡೂ ಒಂದೇ ಥರ ಇತ್ತು."

"ನಿಮ್ಮದಲ್ಲ ಅತ್ತೆ."

'ಸುಮ್ಮನಿದ್ದುಬಿಟ್ಟರೆ? ಯಾರಿಗೆ ಗೊತ್ತಾಗುತ್ತೆ?' ಒಂದು ಕ್ಷಣ... ಒಂದೇ ಕ್ಷಣ ಹಾಗನಿಸಿತು. ಸುಮ್ಮನಿದ್ದರೆ ಅವಳ ಮರ್ಯಾದೆ ಉಳಿಯುತ್ತದೆ. ಅವನ ಅನ್ನ ಹೋಗುತ್ತದೆ, ಅವನೂ ಹೋಗುತ್ತಾನೆ. ಊರಿನವರ ಬಾಯನ್ನೆಲ್ಲ ಹೀಯಾಳಿಸಿದವಳಿಗೆ ಅಂದು ಮೊದಲ ಸಲ ತನ್ನ ಬಾಯಿಯ ಮೇಲೆ ಅಸಹ್ಯವಾಯಿತು.

ಕ್ಲಿನಿಕ್ಕಿಗೆ ಹೊರಟವಳು ಬಿಳಿ ಕೋಟಿನಲ್ಲೇ ಸಂತೆಗೆ ತಿರುಗಿದಳು.

ಅವನ ಮೇಜಿನ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಜನ ಮಾರುದೂರ ಬಳಸಿಕೊಂಡು ಹೋಗುತ್ತಿದ್ದರು. ಹೋಟೆಲಿನ ಅಡುಗೆಯವರು ಪಕ್ಕದ ಅಂಗಡಿಯಲ್ಲಿ ಬಾಡಿದ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದರು.

"ಎಲ್ಲರೂ ಕೇಳಿ!" ಎಂದು ಕೂಗಿದಳು. "ನಮ್ಮತ್ತೆ ತಿಂದ ವಿಷ ಇವರದಲ್ಲ. ನನ್ನ ಹಿತ್ತಲಿಂದು! ವಿಷದ ಗೆಡ್ಡೆನ ಈರುಳ್ಳಿ ಪಕ್ಕ ನೆಟ್ಟವಳು ನಾನು. ಇವರು ಬೇಡ ಅಂದಿದ್ರು. ದಡ್ಡಿ ನಾನು! ಇವರಲ್ಲ!"

ಅವಳ ಹತ್ತಿರ ಹಲ್ಲು ಕೀಳಿಸಿಕೊಂಡಿದ್ದ ಒಬ್ಬ ಕಿಸಕ್ಕನೆ ನಕ್ಕ. ನಗಲಿ. ಅಡುಗೆಯವರು ಹಲ್ಲು ಗಿಂಜುತ್ತಾ, "ನಾನಂತೂ ನಂಬಿರಲಿಲ್ಲಪ್ಪ," ಎಂದು ಎರಡು ಕಟ್ಟು ಎತ್ತಿಕೊಂಡರು. ಇಂಥವರಿಗೆ ನಾಚಿಕೆ ಎನ್ನುವುದು ಇರುವುದಿಲ್ಲ. ಅವರ ಹಿಂದೆ ಇನ್ನೂ ನಾಲ್ವರು ಸೇರಿದರು.

ಅವನು ಯಾರನ್ನೂ ನೋಡಲಿಲ್ಲ.

"ಮೆಲ್ಲಗೆ ಹೇಳಬಹುದಿತ್ತು," ಎಂದ.

"ಬೈದಿದ್ದು ಮೆಲ್ಲಗಾ?"

"ಬೈದಿದ್ದಕ್ಕೆ ಬೇಜಾರಿಲ್ಲ ಡಾಕ್ಟ್ರೇ. ಮೊದಲ ದಿನದಿಂದ ಅಭ್ಯಾಸ ಆಗಿದೆ." ಅವನು ಸೊಪ್ಪಿನ ಮೇಲೆ ನೀರು ಚಿಮುಕಿಸತೊಡಗಿದ. "ಅತ್ತೇನ ನೋಡೋಕೆ ಆಸ್ಪತ್ರೆಗೆ ಬಂದಿದ್ದೆ. ಒಳಗೆ ಬಿಡಬೇಡಿ ಅಂತ ನೀವು ಹೇಳಿಟ್ಟಿದ್ರಂತೆ. ಎರಡು ದಿನ ಹೊರಗಡೆ ಬೆಂಚಿನ ಮೇಲೆ ಕೂತಿದ್ದೆ. ಹೇಗಿದ್ದಾರೆ ಅಂತ ಹೇಳೋರೂ ಇರಲಿಲ್ಲ."

ಅವಳ ಕಣ್ಣೀರು ಕೋಟಿನ ಮೇಲೆ ಬಿತ್ತು. ಯಾರು ನೋಡಿದರೂ ಚಿಂತೆಯಿರಲಿಲ್ಲ.

"ನಿಮ್ಮನ್ನ ಕಂಡ್ರೆ ನನಗೆ ತಾತ್ಸಾರ ಅಂತ... ನಾನೂ ನಂಬಿದ್ದೆ," ಎಂದಳು ಬಿಕ್ಕುತ್ತಾ. "ಸುಳ್ಳು. ದಿನಾ ಬೆಳಿಗ್ಗೆ ಗೇಟಿನ ಸದ್ದಿಗೆ ಕಿವಿ ಕೊಟ್ಟು ಕೂತಿರ್ತಿದ್ದೆ. ಒಂದು ವಾರದಿಂದ ಸದ್ದಿಲ್ಲ. ತಡಿಯೋಕಾಗ್ತಿಲ್ಲ ರೀ... ನೀವು ಬೇಕು ನನಗೆ."

ಅವನು ಸೊಪ್ಪಿನ ಮೇಲೆ ನೀರು ಚಿಮುಕಿಸುವುದನ್ನು ನಿಲ್ಲಿಸಿದ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಮೇಜಿನ ಮೇಲಿದ್ದ ಅವಳ ಕೈಯ ಮೇಲಿಟ್ಟ. ಬಹಳ ಹೊತ್ತು ಹಾಗೇ ಇಟ್ಟ.

"ನಾಳೆ ಬೆಳಿಗ್ಗೆ ಕಾಡಿಗೆ ಹೋಗ್ತೀನಿ," ಎಂದ ಕೊನೆಗೆ.

"ನಾನೂ ಬರಲಾ?"

"ದಾರಿಯುದ್ದಕ್ಕೂ ಬೈತೀರಾ?"

"...ಬೈತೀನಿ."

"ಹಾಗಾದ್ರೆ ಬನ್ನಿ."