ಒಳಕ್ಕೆ ಬಾಗಿದ ಬೇಲಿ

ಅಪ್ಪ ಊರಾಚೆಯ ಮನೆಯನ್ನು ಅಣ್ಣನಿಗೇ ಬರೆದುಕೊಟ್ಟ. ನನ್ನ ಪಾಲಿಗೆ ಬಂದದ್ದು ಅದಕ್ಕೆ ಬೇಲಿ ಹಾಕುವ ಕೂಲಿ. ಹೊಟ್ಟೆ ಉರಿದರೂ ಕೆಲಸದಲ್ಲಿ ಮೋಸ ಮಾಡಲಿಲ್ಲ. ಕಳ್ಳರು ಹತ್ತದಂತೆ ಕಬ್ಬಿಣದ ಕಂಬಗಳ ತಲೆಯನ್ನು ಹೊರಕ್ಕೆ ಬಾಗಿಸಿ, ಬುಡಕ್ಕೆ ಕಾಂಕ್ರೀಟು ತುಂಬಿ, ಮುಳ್ಳುತಂತಿ ಬಿಗಿದೆ.

ಬೆಳಿಗ್ಗೆ ನೋಡಿದರೆ ಎಲ್ಲ ತಲೆಗಳೂ ಮನೆಯತ್ತ ಬಾಗಿದ್ದವು. ಕಾಂಕ್ರೀಟು ಬಿರುಕು ಬಿಟ್ಟಿರಲಿಲ್ಲ. ಆ ಚಳಿಯಲ್ಲೂ ತಂತಿ ಮೈಯಷ್ಟು ಬೆಚ್ಚಗಿತ್ತು.

"ಹೊಟ್ಟೆಕಿಚ್ಚಿಗೆ ನೀನೇ ತಿರುಗಿಸಿದ್ದೀಯ ಕಣೋ," ಅಂದ ಅಣ್ಣ. "ಒಳಗಿರೋರು ತಪ್ಪಿಸ್ಕೋಬಾರದು ಅಂತ ಹೀಗೆ ಹಾಕ್ತಾರೆ. ನಾನೇನು ಜೈಲಲ್ಲಿದ್ದೀನಾ?"

"ನಿನ್ನ ಅರಮನೆನ ನೀನೇ ಕಾಯ್ಕೋ!" ಎಂದು ಇಕ್ಕಳ ಎಸೆದು ಬಂದೆ.

ಈಗ ದಿನಾ ಫೋನು ಮಾಡುತ್ತಾನೆ. "ಬಂದು ಗೇಟು ತೆಗಿಯೋ, ತಮ್ಮಾ. ಮನೆ ನೀನೇ ಇಟ್ಕೋ."

ಬೀಗ ಗೇಟಿನ ಒಳಬದಿಗಿದೆ. ಕೀಲಿ ಅವನ ಜೇಬಿನಲ್ಲೇ ಇದೆ.