ತಲೆಭಾರದ ಅಕ್ಷರಗಳು

“ಇಳೀರಿ ಕೆಳಗೆ! ಗೋಡೆ ಏನು ನಿಮ್ಮಪ್ಪಂದಾ?”

ಏಣಿಯ ಮೇಲಿದ್ದವಳ ಎದೆ ಧಸಕ್ಕೆಂದಿತು. ಮುಚ್ಚಿಹೋದ ಸಾಬೂನು ಅಂಗಡಿಯ ನೆತ್ತಿಯಲ್ಲಿದ್ದ ಹಳೆಯ ದಪ್ಪ ಅಕ್ಷರಗಳ ಮೇಲೆ ತೆಳುಹಾಳೆ ಒತ್ತಿಹಿಡಿದು, ಅವುಗಳ ಅಂಚನ್ನು ಪೆನ್ಸಿಲಿನಲ್ಲಿ ಎತ್ತಿಕೊಳ್ಳುತ್ತಿದ್ದಳು. ಕೆಳಗೆ ಬಣ್ಣದ ಡಬ್ಬಿ ಹಿಡಿದ ಬೋರ್ಡು ಬರೆಯುವವನೊಬ್ಬ ಕೆಂಗಣ್ಣು ಬಿಟ್ಟು ನಿಂತಿದ್ದ.

“ಮತ್ತೆ ನಿಮ್ಮಪ್ಪಂದಾ?” ಅವಳೂ ಬಿಡಲಿಲ್ಲ.

“ಗೋಡೆ ಅಲ್ಲ. ಅದರ ಮೇಲಿರೋ ಅಕ್ಷರ ನಮ್ಮಪ್ಪಂದು. ತೀರಿಕೊಂಡು ಆರು ವರ್ಷ ಆಯ್ತು.”

ಅವಳು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಳು. ಮೆಲ್ಲಗೆ ಇಳಿದು ಬಂದಳು.

“ಕದೀತಿಲ್ಲ... ಎರಡು ವರ್ಷದಿಂದ ಇಂಥ ಗೋಡೆಬರಹ ಎತ್ತಿ ಕಂಪ್ಯೂಟರಿಗೆ ಫಾಂಟ್ ಮಾಡ್ತಿದ್ದೀನಿ. ಸಣ್ಣ ಬರಹಕ್ಕಲ್ಲ, ಬೀದಿಯ ಆ ತುದಿಯಿಂದ ಜನರನ್ನ ಕೂಗಿ ಕರೆಯೋ ಅಕ್ಷರ. ಈಗಿನವು ನೋಡಿ, ಉಪವಾಸ ಬಿದ್ದೋರ ಹಾಗಿವೆ!”

ಅವನಿಗೆ ನಗು ಬಂತು. ಡಬ್ಬಿ ಕೆಳಗಿಟ್ಟು ಏಣಿ ಹಿಡಿದುಕೊಂಡ.

“ಹತ್ತಿ. ಬಿದ್ದುಗಿದ್ದೀರಿ.”

ದೇವರು ಇಬ್ಬರನ್ನು ಒಂದೆಡೆ ತರಬೇಕೆಂದುಕೊಂಡರೆ ಒಂದು ಹಳೆಯ ಗೋಡೆಯೂ ಸಾಕು. ಅಂದಿನಿಂದ ಅವನು ಅಪ್ಪ ಬರೆದ ಗೋಡೆಗಳನ್ನೆಲ್ಲ ಹುಡುಕಿ ತೋರಿಸಿದ. ಅವಳು ಹತ್ತುವಳು, ಅವನು ಕೆಳಗೆ ನಿಲ್ಲುವನು. ಮಾತು ಕಡಿಮೆಯವನು. ಆದರೂ ಅವನು ಬಾರದ ದಿನ ಅವಳಿಗೆ ಬೀದಿಯೇ ಬಣಬಣ.

“ಅಕ್ಷರ ಎತ್ತೋಕೆ ಹೋಗೋಳಿಗೆ ಕನ್ನಡಿ ಮುಂದೆ ಅರ್ಧ ಗಂಟೆ ಯಾಕಮ್ಮಾ?” ಎಂದು ಅತ್ತಿಗೆ ಕಿಚಾಯಿಸುತ್ತಿದ್ದಳು.

“ಸುಮ್ನಿರಿ ಅತ್ತಿಗೆ!”

ಮೂರು ವರ್ಷದ ತಪಸ್ಸು ಮುಗಿಯುತ್ತ ಬಂತು. ಹೊಸ ನಾಟಕವೊಂದರ ಪೋಸ್ಟರುಗಳನ್ನು ಅವಳ ಅಕ್ಷರದಲ್ಲೇ ಅಚ್ಚು ಹಾಕುವುದಾಗಿ ಪ್ರೆಸ್ಸಿನ ಯಜಮಾನರು ಮಾತು ಕೊಟ್ಟಿದ್ದರು. ಅವು ಬೀದಿ ಬೀದಿಯಲ್ಲಿ ನಿಂತರೆ ಅವಳ ಅಕ್ಷರ ಬದುಕಿದಂತೆ. ಇಲ್ಲದಿದ್ದರೆ ಮೂರು ವರ್ಷ ನೀರಿಗೆ.

ಮೊದಲ ಅಚ್ಚು ಮೇಜಿನ ಮೇಲೆ ಹರಡಿದಾಗ ಯಜಮಾನರು ಕನ್ನಡಕ ಮೇಲೆತ್ತಿದರು.

“ಏನಮ್ಮ ಇದು? ಒಂದೊಂದೂ ತಲೆ ಮೇಲೆ ಮೂಟೆ ಹೊತ್ತ ಹಾಗಿದೆಯಲ್ಲ! ಎಲ್ಲಿ ಮುಗ್ಗರಿಸ್ತಾವೋ ಅಂತ ನನಗೇ ಭಯ. ಹನ್ನೆರಡು ದಿನ ಕಾಯ್ತೀನಿ. ಆಮೇಲೆ ಬೇರೆ ಯಾವ ಫಾಂಟ್ ಇದ್ಯೋ ಅದನ್ನ ಹಾಕ್ತೀನಿ.”

ನಿಜ. ಪ್ರತಿ ಅಕ್ಷರದ ತಲೆ ದೊಡ್ಡದು, ಕಾಲು ಚಿಕ್ಕದು. ಗೋಡೆಯ ಮೇಲೆ ರಾಜರ ಹಾಗಿದ್ದವು ಕಾಗದದ ಮೇಲೆ ಹೀಗೇಕಾದವು? ಅಚ್ಚು ಹಿಡಿದು ಅವಳು ಅವನಲ್ಲಿಗೆ ಓಡಿದಳು.

ಅವನು ಒಂದು ನೋಟಕ್ಕೇ ಹೇಳಿದ, “ಓ... ಎತ್ತರದ ಅಕ್ಷರ ಅಲ್ವಾ! ಕೆಳಗಿಂದ ನೋಡೋರಿಗೆ ತಲೆ ಕಿರಿದಾಗಿ ಕಾಣತ್ತೆ. ಅದಕ್ಕೇ ಅಪ್ಪ ಮೇಲ್ಭಾಗ ಹಿಗ್ಗಿಸಿ ಬರೀತಿದ್ರು.”

“ನಿಮಗೆ... ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು.”

ಅವಳು ಅಚ್ಚನ್ನು ಸುರುಳಿ ಸುತ್ತಿದಳು. ‘ಗೊತ್ತಿದ್ದೂ ತಿಂಗಳುಗಟ್ಟಲೆ ಸುಮ್ಮನೆ ನಿಂತಿದ್ದನೇ?’

“ಫಾಂಟ್ ಬಂದ್ರೆ ನಿಮ್ಮನ್ನ ಯಾರೂ ಕರೆಯಲ್ಲ ಅಂತ ನನ್ನ ಕೆಲಸ ಮುಳುಗಿಸಿದ್ರಾ? ನಂಬಿದ್ದೆ ನಿಮ್ಮನ್ನ!”

ಅವನ ಮುಖ ಸುಣ್ಣವಾಯಿತು. ಅವನು ಉತ್ತರಿಸುವಷ್ಟರಲ್ಲಿ ಅವಳು ತಿರುಗಿ ನೋಡದೆ ಹೊರಟಳು.

ಸಂಜೆಯೆಲ್ಲ ಅತ್ತಳು. ಅತ್ತಿಗೆ ತಲೆ ಸವರಿ ಹೇಳಿದಳು, “ಅವನ ಮೇಲಿನ ಸಿಟ್ಟು ಅವನಿಗಿರಲಿ, ಅಕ್ಷರ ಏನು ಪಾಪ ಮಾಡಿತ್ತು?”

ಆ ಮಾತು ನಾಟಿತು. ಅವಳು ಕಣ್ಣೊರೆಸಿಕೊಂಡಳು. ‘ಹನ್ನೆರಡು ದಿನ ಇದೆ. ಮೊದಲಿಂದ ಬರೀತೀನಿ. ಏಣಿ ಬೇಡ. ನೆಲದ ಮೇಲೆ ನಿಂತವರ ಕಣ್ಣಿಗೆ ಹೇಗೆ ಕಾಣತ್ತೋ ಹಾಗೆ!’

ಬೆಳಗಾಗುತ್ತಲೇ ದೇವರಿಗೆ ಕೈಮುಗಿದು, ಹಲಗೆ, ಹಾಳೆ ಹಿಡಿದು ಸಾಬೂನು ಅಂಗಡಿಯ ಎದುರು ಬದಿಗೆ ಹೋದಳು. ಅಲ್ಲಿ ಅವನು ಆಗಲೇ ನಿಂತಿದ್ದ!

“ಬೈಯೋದಾದ್ರೆ ಬೈರಿ. ಹೋಗಲ್ಲ,” ಎಂದ. “ಏಳನೇ ವಯಸ್ಸಿಂದ ಹಾಗೇ ಬರೀತಿದ್ದೀನಿ. ಅದನ್ನ ಬಾಯಿಬಿಟ್ಟು ಹೇಳಬೇಕು ಅಂತಾನೇ ನನಗೆ ಹೊಳೀಲಿಲ್ಲ. ನೀವು ಓದಿದೋರು, ಗೊತ್ತಿರತ್ತೆ ಅಂದ್ಕೊಂಡೆ.”

“ಕೆಲಸ ಹೋಗೋ ಭಯ ಇಲ್ವಾ?”

“ಇದೆ. ಅಪ್ಪನ ಅಕ್ಷರ ಸುಣ್ಣದ ಕೆಳಗೆ ಹೂತುಹೋಗೋ ಭಯ ಅದಕ್ಕಿಂತ ದೊಡ್ಡದು.”

ಅವಳು ಹಲಗೆಯ ಮೇಲೆ ಹಾಳೆ ಹಾಸಿ ಮೊದಲ ಅಕ್ಷರ ಬರೆದಳು. ‘ಎಂಥ ಮಾತಾಡಿಬಿಟ್ಟೆ ನಾನು...’

“ತಪ್ಪಾಯ್ತು ನಂದು. ಕೂತ್ಕೊಳಿ. ಈ ‘ಠ’ದ ಹೊಟ್ಟೆ ಸರಿ ಇದೆಯಾ ನೋಡಿ.”

“ಇನ್ನೂ ಸ್ವಲ್ಪ ಉಣ್ಣಿಸಿ.”

ಇಬ್ಬರೂ ನಕ್ಕರು. ಆಮೇಲೆ ನಗುವುದಕ್ಕೂ ಪುರುಸೊತ್ತಿರಲಿಲ್ಲ. ಅವನು ಕಣ್ಣು ಕಿರಿದು ಮಾಡಿ ಹೇಳುವನು, ಅವಳು ಅಳಿಸಿ ಬರೆಯುವಳು. ಬೆರಳಲ್ಲಿ ಬೊಬ್ಬೆ ಎದ್ದರೂ ನಿಲ್ಲಿಸಲಿಲ್ಲ. ಒತ್ತಕ್ಷರಗಳನ್ನು ಮೂರು ಸಲ ಕೆಡವಿ ಕಟ್ಟಿದಳು.

ಹನ್ನೆರಡನೆಯ ದಿನ ಯಂತ್ರದಿಂದ ಹೊರಬಂದ ಪೋಸ್ಟರನ್ನು ಯಜಮಾನರು ಗೋಡೆಗೆ ಆನಿಸಿ ಹಿಂದೆ ಹಿಂದೆ ಸರಿದರು.

“ಈಗ ನೆಲಕ್ಕೆ ಕಾಲೂರಿ ನಿಂತಿವೆ ನೋಡು! ಎರಡು ಸಾವಿರ ಹಾಕ್ರಯ್ಯಾ!”

ಕೆಂಪು ಅಕ್ಷರಗಳು, ಪಕ್ಕದಲ್ಲಿ ಕಪ್ಪು ನೆರಳು. ಅವುಗಳ ಮುಂದೆ ಅವನು ಕೈಕಟ್ಟಿ ನಿಂತ. ಕಣ್ಣು ತುಂಬಿತ್ತು. ಅವಳು ಪಕ್ಕಕ್ಕೆ ಬಂದಳು.

“ಗೊತ್ತಿದ್ದೂ ಹೇಳದೆ ನಿಮ್ಮನ್ನ ಅಳಿಸಿದೆ,” ಎಂದ ಮೆಲ್ಲಗೆ. “ಇನ್ನೊಂದು ವಿಷಯಾನೂ ತುಂಬಾ ದಿನದಿಂದ ಗೊತ್ತಿದೆ. ಅದನ್ನಾದ್ರೂ ಹೇಳಿಬಿಡ್ಲಾ?”

ಅವಳ ಎದೆ ಹೊಡೆದುಕೊಳ್ಳತೊಡಗಿತು. “ಹೇಳಿ...”

“ನೀವಂದ್ರೆ ನನಗೆ ಪ್ರಾಣ.”

“ಯಂತ್ರದ ಸದ್ದಲ್ಲಿ ಏನೂ ಕೇಳಿಸ್ತಿಲ್ಲ!” ಕೇಳಿಸಿತ್ತು. ಆದರೂ ಕೆನ್ನೆ ಕೆಂಪಾಗಿಸಿಕೊಂಡು ಸುಳ್ಳಾಡಿದಳು.

ಅವನು ಉಸಿರೆಳೆದುಕೊಂಡು, ಜೀವಮಾನದ ಮೌನವನ್ನೆಲ್ಲ ಒಟ್ಟುಗೂಡಿಸಿ ಕೂಗಿದ, “ನನ್ನನ್ನ ಮದುವೆ ಆಗ್ತೀರಾ?”

ಯಾರೋ ಗಕ್ಕನೆ ಯಂತ್ರ ನಿಲ್ಲಿಸಿದರು. ಪ್ರೆಸ್ಸಿನವರೆಲ್ಲ ತಿರುಗಿ ನೋಡಿದರು.

“ಆಗ್ತೀನಿ,” ಎಂದಳು ಅವನ ತೋಳು ಹಿಡಿದು. “ಮೆಲ್ಲಗೆ ಕೂಗಿ... ಶಾಯಿ ಇನ್ನೂ ಒಣಗಿಲ್ಲ.”